ಗಡಿ ಕತ್ತರಿಸದ ಕಾಲುವೆ



ನಮ್ಮಲ್ಲಿ ಹತ್ತನೇ ತರಗತಿ ಓದಿ ಕಾಲೇಜು ಸೇರಿದ ಹುಡುಗನೊಬ್ಬ ರಜೆಗೆ ಬಂದಿದ್ದ. "ಸಾರ್, ಜಲಸಂಪನ್ಮೂಲ ನಿರ್ವಹಣೆ ಅಂತ ಒಂದು ಪಾಠ ಇದೆ. ನೈಲ್ ನದಿ ಇದೆ, ಕೊಲೊರಾಡೊ ಇದೆ. ನಮ್ಮ ಎಲ್ಎಲ್‌ಸಿ ಮಾತ್ರ ಇಲ್ಲ" ಎಂದ. ಎಲ್ಎಲ್‌ಸಿ ಎಂದರೆ ತುಂಗಭದ್ರಾ ಬಲದಂಡೆ ಕೆಳಮಟ್ಟದ ಕಾಲುವೆ. ಅವನಿಗೆ ನಾವು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಆದವಾನಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ತುಂಗಭದ್ರೆಗೆ ದೊಡ್ಡ ಜಲಾಶಯ ಕಟ್ಟಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲೇ ಹೇಳಿದ್ದರು. ಆಮೇಲೆ 1876-78ರ ಭೀಕರ ಬರ ಈ ಸೀಮೆಯನ್ನು ನುಂಗಿತು. ಆದರೂ ಕೆಲಸ ನಡೆಯಲಿಲ್ಲ. ಹೊಳೆಯ ಆಚೆ ದಂಡೆ ನಿಜಾಮರದು, ಈಚೆ ದಂಡೆ ಮದ್ರಾಸಿನದು. ಇಬ್ಬರ ಒಪ್ಪಂದ ಆಗುವಾಗ 1944 ಬಂತು. 1945ರಲ್ಲಿ ಶಂಕುಸ್ಥಾಪನೆ, 1953ರಲ್ಲಿ ಅಣೆಕಟ್ಟೆಯಲ್ಲಿ ನೀರು.

ಅದೇ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಹೊಸಪೇಟೆ, ಬಳ್ಳಾರಿ ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ನಮ್ಮ ಹಿರಿಯರು ಭಾಷೆಯ ಲೆಕ್ಕದಲ್ಲಿ ಮಾತ್ರ ಇದನ್ನು ನೆನೆಯುತ್ತಾರೆ. ನೀರಿನ ಲೆಕ್ಕದಲ್ಲಿ ನೋಡಿದರೆ ಕಾಲುವೆಯ ತಲೆ ಒಂದು ರಾಜ್ಯಕ್ಕೆ ಹೋಯಿತು, ಬಾಲ ಇನ್ನೊಂದಕ್ಕೆ ಬಂತು! ಜನರನ್ನು ಹಂಚಿದ ಹಾಗೆ ಕಾಲುವೆಯನ್ನು ಹಂಚಲು ಆಗಲಿಲ್ಲ. ಅದಕ್ಕೇ ತುಂಗಭದ್ರಾ ಮಂಡಳಿ ಹುಟ್ಟಿದ್ದು. ಇಂದಿಗೂ ಈ ಕಾಲುವೆಯ ಮೊದಲ 250 ಕಿ.ಮೀ.ನಷ್ಟು ಉದ್ದ ಮಂಡಳಿಯ ಉಸ್ತುವಾರಿಯಲ್ಲೇ ಇದೆ.

ಯಾರಿಗೆ ಎಷ್ಟು ನೀರು ಎಂಬುದನ್ನು ಬಚಾವತ್ ನ್ಯಾಯಮಂಡಳಿ 1973 ಮತ್ತು 1976ರ ವರದಿಗಳಲ್ಲಿ ಗೊತ್ತುಮಾಡಿತು. ಎಲ್ಎಲ್‌ಸಿಯಲ್ಲಿ ಆಂಧ್ರದ ಪಾಲು 24 ಟಿಎಂಸಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸಾವಿರ ಕ್ಯೂಸೆಕ್ ಹರಿಯುವ ಕಾಲುವೆ ಒಂದು ಟಿಎಂಸಿ ಕೊಡಲು ಹನ್ನೊಂದೂವರೆ ದಿನ ಬೇಕು. ಹುಡುಗನಿಂದಲೇ ಲೆಕ್ಕ ಮಾಡಿಸಿದೆವು.

ಇನ್ನೊಂದು ಲೆಕ್ಕವೂ ಇದೆ. ಕಟ್ಟಿದಾಗ ಜಲಾಶಯ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಕಳೆದುಹೋದದ್ದು 28. ನಮ್ಮ ಕಾಲುವೆಗೆ ಕಾಗದದ ಮೇಲೆ ಕೊಟ್ಟ ಇಡೀ ಪಾಲಿಗಿಂತ ಹೆಚ್ಚು! ನೀರು ಕಡಿಮೆಯಾದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಇಳಿದದ್ದು ಕೂಡ ಮೇಲ್ಭಾಗದ ತೂಬುಗಳನ್ನು ದಾಟಿ ಬರಬೇಕು. ಮೇಲಿನವರು ನೀರು ಕದಿಯುತ್ತಾರೆ ಎಂದು ಇಲ್ಲಿ ಬೈಯುತ್ತಾರೆ, ಆದರೆ ಬಳ್ಳಾರಿ ಕಡೆಯ ಕೆಳಭಾಗದ ರೈತರೂ ಅವರ ಮೇಲಿನವರನ್ನು ಹಾಗೇ ಬೈಯುವುದನ್ನು ನಾವು ಕೇಳಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಮಾತ್ರ ಎರಡೂ ಕಡೆಯವರು ಒಟ್ಟಿಗೆ ನಿದ್ದೆಗೆಟ್ಟರು.

ನಮಗೆ ಇದು ಬರೀ ಚರಿತ್ರೆಯಲ್ಲ. ನೀರು ಬಾರದ ವರ್ಷ ಕೋಸಿಗಿ, ಕೌತಾಳಂ ಕಡೆಯ ಸಂಸಾರಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಮೊದಲೇ ಮಕ್ಕಳು ಕಡಿಮೆ ಇರುವ ಕನ್ನಡ ಶಾಲೆಯ ಹಾಜರಿ ಪುಸ್ತಕ ಆಗ ಹೇಗಿರುತ್ತದೆ ಎಂದು ಗಡಿನಾಡ ಶಿಕ್ಷಕ ಮಿತ್ರರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಇದನ್ನೆಲ್ಲ ಕನ್ನಡದಲ್ಲೇ ಬರೆದುಕೊಂಡ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಒಪ್ಪಿಸಬೇಕಂತೆ. "ತೂಬಿಗೆ ಏನಂತಾರೆ ಸಾರ್?" ಎಂದು ಕೇಳಿದ. ಸ್ಲೂಯಿಸ್ ಎಂದು ಹೇಳಿಕೊಟ್ಟೆವು.