ಆಟಿಕೆಯ ಊರಿನಲ್ಲಿ ಆಟದ ಪಾಠ

ಸಾವನದುರ್ಗವೆಂದೊಡನೆ ನಿಮಗೆ ನೆನಪಾಗುವುದು ಏಕಶಿಲೆಯ ಬೆಟ್ಟ, ಟಿಪ್ಪು ಸುಲ್ತಾನರ ಕೋಟೆ, 1791ರ ಡಿಸೆಂಬರಿನಲ್ಲಿ ಅದನ್ನು ವಶಪಡಿಸಿಕೊಂಡ ಕಾರ್ನ್‌ವಾಲಿಸ್‌ನ ಸೇನೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಸೀಮೆಯ ಇನ್ನೊಂದು ಚರಿತ್ರೆ ಚನ್ನಪಟ್ಟಣದ ಆಟಿಕೆಗಳಲ್ಲಿದೆ.

ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಟಿಪ್ಪು ಕರೆಸಿದರೆಂಬುದು ಪ್ರತೀತಿ. ಮುಂದೆ ಬಾವಾಸ್ ಮಿಯಾನ್ ಅವರು ಜಪಾನಿನ ತಂತ್ರಗಳನ್ನು ತಂದು ಈ ಕಸುಬನ್ನು ಬೆಳೆಸಿದರೆಂದು ಇಲ್ಲಿಯವರು ನೆನೆಯುತ್ತಾರೆ. ತಿರುಗುವ ಆಲೆಮರದ ತುಂಡನ್ನು ಉಳಿಯಿಂದ ಕಡೆದು, ಮೇಲೆ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮುಟ್ಟಿದರೆ ನುಣುಪು, ಎಲ್ಲಿಯೂ ಚೂಪಿಲ್ಲ.

ಜರ್ಮನಿಯ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಕೆಲಸವೂ ಇಂಥದ್ದೇ. ಮರದ ಗುಂಡು, ಘನ, ಉರುಳೆಗಳೇ ಅವರ ಪಠ್ಯ. 1907ರಲ್ಲಿ ರೋಮ್‌ನಲ್ಲಿ ಮಾಂಟೆಸ್ಸರಿಯವರೂ ಮಕ್ಕಳ ಕೈಗೆ ಕೆಲಸ ಕೊಟ್ಟರು. (ಬಿ.ಎಡ್.ನಲ್ಲಿ ನಾವು ಆಟದ ಮಹತ್ವವನ್ನೂ ಬಾಯಿಪಾಠ ಮಾಡಿಯೇ ಬರೆದೆವು!)

ಚನ್ನಪಟ್ಟಣದ ಉಂಗುರಗಳ ಗೊಂಬೆಯನ್ನು ಒಮ್ಮೆ ಮಗುವಿನ ಮುಂದಿಟ್ಟು ನೋಡಿ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ. ತಪ್ಪಿದರೆ ತಾನೇ ತೆಗೆದು ಮತ್ತೆ ಹಾಕುತ್ತದೆ. ಮನೆಯಲ್ಲಿ ಉರ್ದು ಆಡುವ ಮಗು ಮೊದಲು ‘ಲಾಲ್’ ಎನ್ನುತ್ತದೆ, ಅದೇ ಉಂಗುರ ಹಿಡಿದು ‘ಕೆಂಪು’ ಕಲಿಯುತ್ತದೆ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಇಲ್ಲಿಯೇ ಪಳಗುತ್ತವೆ.

ಈ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ನಡುವಿಗೆ ತಂದಿದೆ. ನಾವಾದರೋ ಮೂರು ವರ್ಷದ ಮಗುವಿನ ಕೈಗೆ ಕಾಪಿ ಪುಸ್ತಕ ಕೊಟ್ಟು, ಗೊಂಬೆಯನ್ನು ಷೋಕೇಸಿನಲ್ಲಿಟ್ಟು ಬೀಗ ಹಾಕುತ್ತೇವೆ.