ಲಾಯದ ಬೆಲ್ಲ: ಹೈದರಾಬಾದ್ ಸೀಮೆಯ ಕುದುರೆಗಳ ಸಿಹಿಪಡಿ

ಹೈದರಾಬಾದಿನ ಚರಿತ್ರೆಯಲ್ಲಿ ಕುದುರೆಲಾಯಕ್ಕಿದ್ದ ತೂಕವನ್ನು ಅಲ್ಲಿನ ಒಂದು ಮನೆತನದ ಹೆಸರೇ ಸಾರುತ್ತದೆ. ಪಾಯಗಾ ಅಮೀರರು ನಿಜಾಮರ ಖಾಸಾ ರಾವುತಪಡೆಯನ್ನು ಸಾಕುವ ಹೊಣೆ ಹೊತ್ತಿದ್ದು, ಆ ಖರ್ಚಿಗೆಂದು ಅವರಿಗೆ ದೊರೆತ ಜಾಗೀರುಗಳಲ್ಲಿ ಇಂದಿನ ಬೀದರ್, ಕಲಬುರಗಿ ಸೀಮೆಯ ಊರುಗಳೂ ಸೇರಿದ್ದವು. ಪಾಯಗಾ ಎಂಬ ಪಾರಸಿ ಪದಕ್ಕೆ ಲಾಯ ಎಂಬ ಅರ್ಥವೂ ಉಂಟು. ಇಂಥ ಲಾಯಗಳಲ್ಲಿ ಬೆಲ್ಲ, ಸಕ್ಕರೆಗಳು ಪಡಿಯ, ಅಂದರೆ ಕುದುರೆಗೆ ದಿನಕ್ಕಿಷ್ಟೆಂದು ಗೊತ್ತುಮಾಡಿ ತೂಗಿಕೊಡುವ ಆಹಾರದ, ಭಾಗವಾಗಿದ್ದವು.

ಈ ರೂಢಿ ಹೈದರಾಬಾದ್ ನಗರಕ್ಕಿಂತ ಹಳೆಯದು. 1470ರ ಆಸುಪಾಸಿನಲ್ಲಿ ಒಂದು ಗಂಡುಕುದುರೆಯನ್ನು ಮಾರಲು ತಂದು ಬಹಮನಿ ರಾಜ್ಯದಲ್ಲಿ ಅಲೆದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಇಲ್ಲಿನ ಕುದುರೆಗಳಿಗೆ ಕಡಲೆಯ ಜೊತೆಗೆ ಸಕ್ಕರೆ, ಎಣ್ಣೆ ಸೇರಿಸಿ ಬೇಯಿಸಿದ ಕಿಚಡಿಯನ್ನು ತಿನ್ನಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆಂದೂ ಅವನು ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ ವ್ಯಾಪಾರದ ಹಿರಿಮೆ ಅದರಿಂದ ತಿಳಿಯುತ್ತದೆ. ಕಡಲು ದಾಟಿ ಬಂದ ಬೆಲೆಬಾಳುವ ಪ್ರಾಣಿಗೆ ತುಪ್ಪ, ಸಕ್ಕರೆ ಸುರಿಯುವುದು ಸಿರಿವಂತಿಕೆಯ ಲಕ್ಷಣವೂ ಆಗಿದ್ದೀತು, ಆದರೆ ಸುರಿಯುವುದಕ್ಕೂ ಒಂದು ಕಟ್ಟಳೆ ಇತ್ತು.

ಆ ಕಟ್ಟಳೆಯ ಸ್ಪಷ್ಟ ರೂಪ ಕಾಣುವುದು 1590ರ ದಶಕದಲ್ಲಿ ಮೊಗಲ್ ದೊರೆ ಅಕ್ಬರನ ಆಸ್ಥಾನದ ಅಬುಲ್ ಫಜಲ್ ರಚಿಸಿದ ಐನ್-ಇ-ಅಕ್ಬರಿಯಲ್ಲಿ. ಅದರ ಪ್ರಕಾರ ಸಕ್ಕರೆಗೆ ಬದಲಾಗಿ ಬೆಲ್ಲ ಕೊಟ್ಟಾಗ ತುಪ್ಪವನ್ನು ನಿಲ್ಲಿಸಬೇಕು. ಹಸಿಹುಲ್ಲಿನ ಕಾಲ ಬಂದಾಗ ಮೊದಲ ಮೂರು ದಿನ ಕಾಳು ಹಾಕದೆ, ಆಮೇಲೆ ದಿನಕ್ಕೆ ಆರು ಸೇರು ಕಾಳು, ಎರಡು ಸೇರು ಬೆಲ್ಲ ಕೊಡಬೇಕು. ಆ ಕಾಲದ ಎರಡು ಸೇರೆಂದರೆ ಸುಮಾರು ಒಂದೂಕಾಲು ಕಿಲೊ. ಇಂದಿನ ಪಶುವೈದ್ಯರು ಒಪ್ಪದ ಪ್ರಮಾಣವಿದು. ಆದರೆ ಹೊಸ ಮೇವು ಬಂದಾಗ ಹಳೆಯದನ್ನು ತಡೆದು ಹೊಟ್ಟೆಗೆ ಬಿಡುವು ಕೊಡುವ ಮೂರು ದಿನಗಳ ನಿಯಮದಲ್ಲಿ ನಿಜವಾದ ತಿಳಿವಳಿಕೆ ಇದೆ. ಕುದುರೆಗೆ ವಾಂತಿಯಾಗುವುದಿಲ್ಲ, ಮೈಗಾತ್ರಕ್ಕೆ ಹೋಲಿಸಿದರೆ ಜಠರ ಚಿಕ್ಕದು, ನಾರನ್ನು ಜೀರ್ಣಿಸುವುದು ದೊಡ್ಡಕರುಳಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು. ಪಿಷ್ಟವೋ ಸಕ್ಕರೆಯೋ ಒಮ್ಮೆಲೆ ಹೆಚ್ಚಾಗಿ ಅಲ್ಲಿಗೆ ಇಳಿದರೆ ಹುಳಿತು ಆಮ್ಲವಾಗಿ, ಹೊಟ್ಟೆಶೂಲೆಯೂ ಗೊರಸಿನ ಒಳಪದರ ಉರಿದು ಕುದುರೆಯನ್ನು ಕುಂಟಾಗಿಸುವ ಬಾವೂ ಬರುತ್ತವೆ. ಗ್ರೀಕರ ಅರಿಸ್ಟಾಟಲನ ಬರವಣಿಗೆಯಲ್ಲೇ ಕುದುರೆಯ ಒಂದು ರೋಗ ಜವೆಗೋಧಿಯ ಹೆಸರು ಹೊತ್ತಿದೆ.

ಕನ್ನಡ ನಾಡಿಗೂ ಈ ವಿದ್ಯೆ ಹೊಸದಲ್ಲ: ಕಲ್ಯಾಣದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಶ್ವವಿದ್ಯೆಗೂ ಎಡೆಯಿದೆ, ಮತ್ತು ಆ ಕಲ್ಯಾಣವೇ ಮುಂದೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಕುದುರೆಯ ವೈದ್ಯನನ್ನು ಸಾಲೋತ್ರಿ ಎನ್ನುವುದು ಅಶ್ವಶಾಸ್ತ್ರದ ಆದ್ಯನೆನಿಸಿದ ಶಾಲಿಹೋತ್ರನ ಹೆಸರಿನಿಂದ. ಸಾಲೋತ್ರಿಗೆ ಬೆಲ್ಲ ಔಷಧದ ವಾಹಕ. ಅಜವಾನ, ಶುಂಠಿ, ಇಂಗುಗಳ ಖಾರವನ್ನು ಅದರಲ್ಲಿ ಕಲಸಿ ಉಂಡೆ ಕಟ್ಟಿದರೆ, ಮೂಸಿ ಮೂತಿ ತಿರುಗಿಸುವ ಕುದುರೆಯೂ ನುಂಗುತ್ತದೆ.

ದಿನನಿತ್ಯದ ಮೇವು ಮಾತ್ರ ಸರಳವಾಗಿತ್ತು. ಕನ್ನಡಿಗರ ಹುರುಳಿ, ತೆಲುಗರ ಉಲವಲು, ಇಂಗ್ಲಿಷರ ಬಾಯಲ್ಲಿ ಕುದುರೆಯ ಕಾಳೆಂದೇ ಹೆಸರಾದ ಈ ಧಾನ್ಯವನ್ನು ಬೇಯಿಸಿ, ಬಸಿದು, ಆರಿಸಿ, ತೋಬರೆಗೆ, ಅಂದರೆ ಮೂತಿಗೆ ಕಟ್ಟುವ ಚೀಲಕ್ಕೆ, ತುಂಬಿದರೆ ಕುದುರೆಯ ಊಟವಾಯಿತು. ಬಸಿದ ಕಟ್ಟು ಮನೆಯ ಸಾರಿಗೆ ಸಲ್ಲುತ್ತಿತ್ತು.

ಮೌಲಾಲಿಯಲ್ಲಿ ನಡೆಯುತ್ತಿದ್ದ ಕುದುರೆ ಪಂದ್ಯಗಳನ್ನು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1886ರಲ್ಲಿ ಮಲಕಪೇಟೆಗೆ ತಂದ ಮೇಲೆ, ನಗರದ ಕುದುರೆ ಯುದ್ಧಕ್ಕಿಂತ ಪಂದ್ಯಕ್ಕೆ ಹೆಚ್ಚು ಸೇರಿದ ಪ್ರಾಣಿಯಾಯಿತು. ಪಂದ್ಯದ ಲಾಯದಲ್ಲಿ ಸಿಹಿಗೆ ಬೇರೊಂದು ಅಪಾಯವೂ ಅಂಟಿಕೊಂಡಿದೆ: ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್, ಕೆಫೀನುಗಳು ಪಂದ್ಯದ ನಿಯಮಗಳಲ್ಲಿ ನಿಷಿದ್ಧ ವಸ್ತುಗಳು. ಆದ್ದರಿಂದ ಗಜ್ಜರಿಯ ತುಂಡೇ ಲೇಸು, ಅದೂ ಗಂಟಲಲ್ಲಿ ಸಿಕ್ಕದಂತೆ ಉದ್ದಕ್ಕೆ ಸೀಳಿದ್ದು. ಕುದುರೆಗೆ ತನ್ನ ಮೂತಿಯ ಕೆಳಗಿನದು ಕಾಣುವುದಿಲ್ಲ. ಬೆರಳುಗಳನ್ನು ಒತ್ತಾಗಿ ಚಾಚಿದ ಅಂಗೈಯನ್ನು ಅದು ಮೀಸೆಗೂದಲಿನಿಂದ ಸವರಿ, ತುಟಿಯಿಂದ ತಡಕಿ, ತುಂಡನ್ನಷ್ಟೇ ಎತ್ತಿಕೊಳ್ಳುತ್ತದೆ.