ಎಡ್ವರ್ಡ್ ಲಿಯರನ ದಿನಚರಿಯ ಕತ್ತರಿ ಗುರುತು
ಅಪಸ್ಮಾರ, ಸಂಚಾರ ಮತ್ತು ಎಚ್ಚರಿಕೆಗಳನ್ನು ಕುರಿತ ಒಂದು ವಿಚಾರ

ಚರಕಸಂಹಿತೆಯ ಚಿಕಿತ್ಸಾಸ್ಥಾನದ 10ನೆಯ ಅಧ್ಯಾಯವು ಅಪಸ್ಮಾರಕ್ಕೆ ಮೀಸಲಾದುದು. ಘೃತ, ನಸ್ಯ, ಅಂಜನಗಳ ದೀರ್ಘ ನಿರೂಪಣೆಯಾದ ಬಳಿಕ ಅಲ್ಲಿ ತೀರ ವ್ಯಾವಹಾರಿಕವಾದ ಒಂದು ಸೂಚನೆ ಬರುತ್ತದೆ. ಈ ರೋಗಿಯನ್ನು ನೀರು, ಬೆಂಕಿ, ಮರ, ಬೆಟ್ಟ ಮತ್ತು ಏರುತಗ್ಗಿನ ನೆಲ ಇವುಗಳಿಂದ ಸದಾ ಕಾಯತಕ್ಕದ್ದು, ಇವು ಒಡನೆಯೇ ಪ್ರಾಣಾಪಹಾರಿಗಳು ಎಂಬುದು ಅದರ ತಾತ್ಪರ್ಯ. ಮರವೆಂದರೆ ಮರವೇರುವುದೆಂದೇ ತಿಳಿಯಬೇಕು; ನೆರಳಿನಲ್ಲಿ ಕುಳಿತವನಿಗೆ ಮರದಿಂದ ಭಯವಿಲ್ಲವಷ್ಟೆ. ರೋಗಕ್ಕಿಂತಲೂ ರೋಗವು ಬಂದೆರಗುವ ಸ್ಥಳವೇ ಹೆಚ್ಚು ಘಾತುಕವೆಂಬ ಈ ತಿಳಿವಳಿಕೆ ಇಂದಿನ ವೈದ್ಯರಿಗೂ ಸಮ್ಮತವಾದುದು. ಆದರೆ ಒಂದು ಅಂಶವನ್ನು ಗಮನಿಸಬೇಕು. ಗ್ರಂಥಕಾರನು ಇಲ್ಲಿ ಮಾತನಾಡುತ್ತಿರುವುದು ಕಾಯುವವರೊಡನೆ, ರೋಗಿಯೊಡನೆ ಅಲ್ಲ. ಬೆಟ್ಟವನ್ನು ಏರಿಯೇ ತೀರಬೇಕೆಂಬ ಹಂಬಲವುಳ್ಳ ರೋಗಿಯು ಏನು ಮಾಡತಕ್ಕದ್ದು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಆ ಪ್ರಶ್ನೆಗೆ ರೋಗಿಯೊಬ್ಬನು ತನ್ನ ಕೈಯಾರೆ ಬರೆದಿಟ್ಟ ಉತ್ತರವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ಎಡ್ವರ್ಡ್ ಲಿಯರನು (1812–1888) ಮಕ್ಕಳ ವಿನೋದಪದ್ಯಗಳ ಕರ್ತೃವೆಂದು ಲೋಕಪ್ರಸಿದ್ಧನು. ಆತನ ಜೀವನೋಪಾಯವು ಚಿತ್ರಕಲೆ. ಆತನ ವ್ಯಸನವು ಸಂಚಾರ. 1847ರಲ್ಲಿ ಇಟಲಿಯ ದಕ್ಷಿಣದ ಕಲಾಬ್ರಿಯ, 1848ರಲ್ಲಿ ಆಲ್ಬೇನಿಯದ ಗುಡ್ಡಗಾಡುಗಳು, 1858ರಲ್ಲಿ ಪೆಟ್ರಾ, 1868ರಲ್ಲಿ ಕಾರ್ಸಿಕ: ಹೀಗೆ ಕುದುರೆಯ ಮೇಲೆಯೂ ಕಾಲ್ನಡಿಗೆಯಿಂದಲೂ ಆತನು ಅಲೆದ ಪ್ರದೇಶಗಳಲ್ಲಿ ಒಳ್ಳೆಯ ರಸ್ತೆಗಳು ವಿರಳವಾಗಿದ್ದುವು, ವೈದ್ಯರು ಇನ್ನೂ ವಿರಳ. ಪೆಟ್ರಾದಲ್ಲಂತೂ ಸುಲಿಗೆಗೂ ಸಿಕ್ಕಿದನು. ಹೀಗೆ ಅಲೆದವನು ಐದಾರು ವರ್ಷದ ಬಾಲಕನಾಗಿದ್ದಾಗಿನಿಂದ ಅಪಸ್ಮಾರದಿಂದ ಪೀಡಿತನಾಗಿದ್ದನು. ತನಗಿಂತ ಇಪ್ಪತ್ತೊಂದು ವರ್ಷ ಹಿರಿಯಳಾದ ಅಕ್ಕ ಆನ್ ಎಂಬಾಕೆಯ ಪೋಷಣೆಯಲ್ಲಿ ಬೆಳೆದ ಆತನು ಈ ರೋಗವನ್ನು ಪಿಶಾಚಿಯೆಂದೇ ಕರೆಯುತ್ತಿದ್ದನು.

ಲಿಯರನ ದಿನಚರಿಯ ಮೂವತ್ತು ಸಂಪುಟಗಳು ಈಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೌಟನ್ ಗ್ರಂಥಾಲಯದಲ್ಲಿವೆ. ಅವು 1858ರಿಂದ ಆರಂಭವಾಗುತ್ತವೆ. ಅದಕ್ಕೂ ಹಿಂದಿನವನ್ನು ಆತನೇ ನಾಶಪಡಿಸಿದನಾದ್ದರಿಂದ ಕಲಾಬ್ರಿಯ, ಆಲ್ಬೇನಿಯಗಳ ಕಾಲದ ಸಾಕ್ಷ್ಯವು ನಮಗೆ ಉಳಿದಿಲ್ಲ. ಉಳಿದ ಪುಟಗಳಲ್ಲಿ ಹವೆ, ಊಟ, ಚಿತ್ರಿಸಿದ ದೃಶ್ಯ, ಬಂದ ಕಾಗದ ಇವುಗಳ ನಡುವೆ ಅಲ್ಲಲ್ಲಿ ಒಂದು ಕತ್ತರಿ ಗುರುತು, ಕೆಲವೊಮ್ಮೆ ಅದರ ಪಕ್ಕದಲ್ಲಿ ಒಂದು ಅಂಕಿ ಕಾಣಬರುತ್ತದೆ. ಅದು ರೋಗವು ಬಂದ ದಿನದ ಗುರುತು. ಲಿಯರನ ಚರಿತ್ರೆಯನ್ನು ಬರೆದವರು ಇದನ್ನು ಬಹುಮಟ್ಟಿಗೆ ಆತನ ದುಃಖದ ಚಿಹ್ನೆಯೆಂದು ಓದಿದ್ದಾರೆ. ದುಃಖವಿದ್ದುದು ನಿಜವೇ. ಆದರೆ ಇದನ್ನು ಲೆಕ್ಕದ ಪುಸ್ತಕವೆಂದು ಓದುವುದು ಹೆಚ್ಚು ಉಚಿತವೆಂದು ನನಗೆ ತೋರುತ್ತದೆ. ಯಾವ ದಿನ ಬಂದಿತು, ಎಷ್ಟು ದಿನಗಳ ಮೇಲೆ ಬಂದಿತು ಎಂಬುದನ್ನು ವ್ಯಾಪಾರಿಯು ಬಾಕಿಯನ್ನು ಬರೆದಂತೆ ಬರೆದಿಡುವವನು ಆ ರೋಗದ ನಡೆಯನ್ನು ಬಲ್ಲವನಾಗುತ್ತಾನೆ. ಇಂದು ಅಪಸ್ಮಾರದ ವೈದ್ಯರು ತಮ್ಮಲ್ಲಿಗೆ ಬಂದವರಿಂದ ಮೊದಲು ಕೇಳುವುದು ಇದೇ ಪಟ್ಟಿಯನ್ನು.

ಎರಡನೆಯ ರಕ್ಷಣೆಯು ಪ್ರಕೃತಿಯೇ ಕೊಟ್ಟುದು. ರೋಗವು ಎರಗುವ ಮುನ್ನ ಲಿಯರನಿಗೆ ಅದರ ಪೂರ್ವಸೂಚನೆ ದೊರೆಯುತ್ತಿತ್ತು. ಒಡನೆಯೇ ಆತನು ಜನರ ನಡುವಿನಿಂದೆದ್ದು ಏಕಾಂತಕ್ಕೆ ಸರಿಯುತ್ತಿದ್ದನು. ಈ ಉಪಾಯವು ಎಷ್ಟು ಫಲಕಾರಿಯಾಯಿತೆಂದರೆ ಆತನ ಆಪ್ತಮಿತ್ರರಿಗೂ ವಿಷಯವು ತಿಳಿಯಲಿಲ್ಲ. ಮೂರನೆಯದು ಜೊತೆಗಾರನು. 1856ರಲ್ಲಿ ಕಾರ್ಫು ದ್ವೀಪದಲ್ಲಿ ಸೇವೆಗೆ ಸೇರಿದ ಜಾರ್ಜಿಯೊ ಕೊಕಾಲಿ ಎಂಬಾತನು 1883ರಲ್ಲಿ ತಾನು ಸಾಯುವವರೆಗೆ, ಇಪ್ಪತ್ತೇಳು ವರ್ಷಕಾಲ, ಲಿಯರನ ಸಂಗಡಿದ್ದನು. ವೈಸರಾಯ್ ನಾರ್ತ್‌ಬ್ರೂಕನ ಆಹ್ವಾನದ ಮೇರೆಗೆ ಲಿಯರನು 1873ರ ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದಾಗ ಆತನಿಗೆ ಅರವತ್ತೊಂದು ವರ್ಷ. ಕಾಂಚನಜುಂಗವನ್ನು ಚಿತ್ರಿಸಲು ಡಾರ್ಜಿಲಿಂಗ್ ಏರಿದಾಗಲೂ, ಮರುವರ್ಷ ಬೆಂಗಳೂರು, ನೀಲಗಿರಿ, ಮಲಬಾರುಗಳ ದಾರಿ ಹಿಡಿದಾಗಲೂ ಜಾರ್ಜಿಯೊ ಜೊತೆಯಲ್ಲಿಯೇ ಇದ್ದನು. ಲಿಯರನ ಭಾರತದ ದಿನಚರಿಯ ಆಯ್ದ ಭಾಗಗಳು 1953ರಲ್ಲಿ ಮುದ್ರಿತವಾದುವು. ಅವನ್ನು ಓದುವ ನಮ್ಮ ವಿದ್ಯಾರ್ಥಿಗಳು ದೃಶ್ಯವರ್ಣನೆಗಳನ್ನಷ್ಟೇ ಅಲ್ಲದೆ ಈ ಸೇವಕನನ್ನೂ ಗಮನಿಸಬೇಕು.

ಆದರೆ ಲಿಯರನ ವ್ಯವಸ್ಥೆಯಲ್ಲಿ ದೊಡ್ಡದೊಂದು ಬಿರುಕಿತ್ತು, ಅದು ಗೋಪ್ಯ. ಜೊತೆಗಾರನಿರುವುದರ ಪ್ರಯೋಜನವು ಆತನು ವಿಷಯವನ್ನು ಬಲ್ಲವನಾದಾಗ ಮಾತ್ರ ಪೂರ್ಣವಾಗುತ್ತದೆ. ಏಕಾಂತಕ್ಕೆ ಸರಿಯುವುದು ಮಾನವನ್ನು ಕಾಪಾಡಬಹುದು, ಪ್ರಾಣವನ್ನು ಕಾಪಾಡುವುದಿಲ್ಲ. ಹಾಗೆಂದು ಲಿಯರನನ್ನು ದೂಷಿಸುವುದು ಸುಲಭವಲ್ಲ. ಅಂದಿನ ಇಂಗ್ಲಿಷ್ ವೈದ್ಯರಲ್ಲಿ ಹಲವರು ಈ ರೋಗವನ್ನು ದುರಭ್ಯಾಸದ ಫಲವೆಂದು ನಂಬಿದ್ದರು. 1846ರಲ್ಲಿ ವಿಕ್ಟೋರಿಯ ರಾಣಿಗೇ ಚಿತ್ರಕಲೆಯ ಪಾಠ ಹೇಳಿದವನು, ಶ್ರೀಮಂತರ ಆಶ್ರಯದಿಂದ ಬದುಕತಕ್ಕವನು, ಬಾಯಿ ತೆರೆದಿದ್ದರೆ ಅನ್ನವನ್ನೇ ಕಳೆದುಕೊಳ್ಳುತ್ತಿದ್ದನು. ಚಾರ್ಲ್ಸ್ ಲೊಕಾಕನು ಬ್ರೋಮೈಡಿನ ಗುಣವನ್ನು ಲಂಡನ್ನಿನ ವೈದ್ಯಸಭೆಯಲ್ಲಿ ತಿಳಿಸಿದುದು 1857ರಲ್ಲಿ. ಫೀನೋಬಾರ್ಬಿಟಾಲ್ ಬಳಕೆಗೆ ಬಂದುದು 1912ರಲ್ಲಿ. ಔಷಧಗಳು ಬಂದ ಮೇಲೆಯೂ ಗೋಪ್ಯವು ಹೋಗಲಿಲ್ಲ. ನಮ್ಮ ಹಿಂದೂ ವಿವಾಹ ಶಾಸನದಲ್ಲಿ 1976ರ ತಿದ್ದುಪಡಿಯಿಂದ ಅಪಸ್ಮಾರದ ಹೆಸರು ಸೇರಿ, ಅದು ತೊಲಗಿದುದು 1999ರಲ್ಲಿ. ಕಾನೂನೇ ಹೀಗಿರುವಾಗ ಯಾರು ತಾನೇ ತಾವಾಗಿ ಹೇಳಿಕೊಂಡಾರು?

ಪೂರ್ವಸೂಚನೆಯ ವಿಷಯದಲ್ಲಿಯೂ ಒಂದು ಮಾತು. ಅದು ಎಲ್ಲ ರೋಗಿಗಳಿಗೂ ದೊರೆಯುವುದಿಲ್ಲ, ದೊರೆತವರಿಗೂ ಪ್ರತಿ ಸಲವೂ ದೊರೆಯುವುದೆಂಬ ಭರವಸೆಯಿಲ್ಲ. ವಾಸ್ತವವಾಗಿ ಅದೇ ಮಿದುಳಿನ ಒಂದೆಡೆಯಲ್ಲಿ ಆರಂಭವಾದ ಅಪಸ್ಮಾರವೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಆದಕಾರಣ ಲಿಯರನ ಮಾರ್ಗವನ್ನು ಯಾರೂ ಹಾಗೆಯೇ ಅನುಕರಿಸತಕ್ಕದ್ದಲ್ಲ. 1909ರಲ್ಲಿ ಬುಡಾಪೆಸ್ಟಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಅಪಸ್ಮಾರ ಸಂಘದ ಪರವಾಗಿ 2016ರಲ್ಲಿ ಪ್ರಕಟವಾದ ವರದಿಯು ಕ್ರೀಡೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. ಬಂಡೆಯೇರುವುದು, ನೀರಿನಾಳಕ್ಕಿಳಿಯುವುದು, ಒಬ್ಬಂಟಿಯಾಗಿ ಹಾಯಿದೋಣಿ ನಡೆಸುವುದು, ವಿಮಾನ ಹಾರಿಸುವುದು ಇವೆಲ್ಲ ಅತ್ಯಂತ ಅಪಾಯದ ವರ್ಗಕ್ಕೆ ಸೇರುತ್ತವೆ. ಆದರೆ ಆ ವರದಿಯು ಕ್ರೀಡೆಯ ಹೆಸರನ್ನು ಮಾತ್ರ ನೋಡುವುದಿಲ್ಲ. ರೋಗವು ಬಂದು ಎಷ್ಟು ಕಾಲವಾಯಿತು, ಯಾವ ಬಗೆಯದು, ಏತರಿಂದ ಕೆರಳುತ್ತದೆ, ಬಳಿಯಲ್ಲಿ ಯಾರಿರುತ್ತಾರೆ ಎಂಬುದನ್ನೂ ತೂಗಿ ನೋಡುವಂತೆ ಹೇಳುತ್ತದೆ. ಚರಕನ ಬೆಟ್ಟ ಮತ್ತು ನೀರು ಇಲ್ಲಿಯೂ ಇವೆ. ಆದರೆ ರೋಗಿಯನ್ನೂ ಪ್ರಶ್ನೆ ಕೇಳಲಾಗುತ್ತಿದೆ ಎಂಬುದೇ ವ್ಯತ್ಯಾಸ.

ಈ ವಿಚಾರದಲ್ಲಿ ನನ್ನನ್ನು ತೊಡಗಿಸಿದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಗಿರಿದುರ್ಗವೊಂದರ ಅಧ್ಯಯನಕ್ಕೆಂದು ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆವು. ಅವರಲ್ಲೊಬ್ಬನಿಗೆ ಅಪಸ್ಮಾರವಿದ್ದಿತು. ಆತನೇ ಮುಂದಾಗಿ ಅದನ್ನು ತಿಳಿಸಿದ್ದನು: ಔಷಧವನ್ನು ತಪ್ಪಿಸಿಲ್ಲವೆಂದೂ, ರೋಗವು ಬಂದು ಎರಡು ವರ್ಷವಾಯಿತೆಂದೂ, ಮೆಟ್ಟಿಲಿರುವ ದಾರಿಯಲ್ಲಿ ಇಬ್ಬರು ಗೆಳೆಯರ ನಡುವೆ ಏರುವೆನೆಂದೂ ಹೇಳಿದನು. ಲಿಯರನು ಜೀವಮಾನದಲ್ಲಿ ಮಾಡಲಾರದುದನ್ನು ಆ ಹುಡುಗನು ಮಾಡಿದ್ದನು. ನಾವು ಅಧ್ಯಾಪಕರು ಮೂವರೂ ಒಮ್ಮತದಿಂದ ಬೇಡವೆಂದೆವು. ಇಂತಹ ನಿರಾಕರಣೆಗೆ ಸಾಮಾನ್ಯವಾಗಿ ಜವಾಬ್ದಾರಿಯೆಂದು ಹೆಸರು. ನಾಲ್ಕು ಗಂಟೆಗಳ ಮೇಲೆ ನಾವು ಕೆಳಗಿಳಿದು ಬಂದಾಗ ಬಸ್ಸಿನಲ್ಲಿ ಸೆಕೆಯೆಂದು ಆತನು ಬೆಟ್ಟದ ಬುಡದ ಕಲ್ಯಾಣಿಗೆ ಹೋಗಿದ್ದನು. ಸುತ್ತಮುತ್ತ ಒಬ್ಬರೂ ಇರಲಿಲ್ಲ. ನೀರಿಗೆ ತಾಗಿದ್ದ ಕೊನೆಯ ಮೆಟ್ಟಿಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತು, ಅಲ್ಲಿಂದ ಕಾಣುತ್ತಿದ್ದ ಕೋಟೆಯ ಬಾಗಿಲನ್ನು ತನ್ನ ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು.